ನಮಗೇನೂ ಇಲ್ಲ, ಆದರೆ...

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮರಿಗೆ ಒಂದು ವಾಕ್ಯ ಚೆನ್ನಾಗಿ ಪರಿಚಿತ. "ನಮಗೇನೂ ಇಲ್ಲ ಸಾರ್, ಆದರೆ..." ಎಂದು ಅದು ಆರಂಭವಾಗುತ್ತದೆ. ಆ 'ಆದರೆ'ಯ ನಂತರ ಬರುವ ಮಾತು ಮನೆಯಿಂದ ಮನೆಗೆ ಬದಲಾಗುತ್ತದೆ. ಒಂದು ಕಡೆ ವಯಸ್ಸಾದ ಅತ್ತೆ ಇದ್ದಾರೆ, ಮಡಿ ಹೆಂಗಸು. ಇನ್ನೊಂದು ಕಡೆ ಅಪಾರ್ಟ್‌ಮೆಂಟಿನ ಅಸೋಸಿಯೇಶನ್‌ನವರು ಒಪ್ಪುವುದಿಲ್ಲ. ಮತ್ತೊಂದು ಕಡೆ ಮಾಲೀಕರು ಅಮೆರಿಕದಲ್ಲಿದ್ದಾರೆ, ಮನೆ ನೋಡಿಕೊಳ್ಳುವ ಭಾವಮೈದುನನ ಸ್ವಭಾವ ಸ್ವಲ್ಪ ಹಾಗೆ. ಕೆಳಗಿನ ಮನೆಯ ಬಾಡಿಗೆದಾರರು ಏನಾದರೂ ಅಂದುಕೊಂಡಾರು ಎಂಬುದೂ ಉಂಟು. ವಾಕ್ಯದ ಉತ್ತರಾರ್ಧ ಎಷ್ಟೇ ಬದಲಾದರೂ ಪೂರ್ವಾರ್ಧ ಮಾತ್ರ ಬದಲಾಗುವುದಿಲ್ಲ. ಹೇಳುವವರಿಗೆ ಯಾವತ್ತೂ ಏನೂ ಇರುವುದಿಲ್ಲ.

ನನಗೆ ತೀರ ಹತ್ತಿರದ ಒಬ್ಬ ಯುವಕ ಇತ್ತೀಚೆಗೆ ಈ ವಾಕ್ಯದ ನಾನಾ ರೂಪಗಳನ್ನು ಕೇಳಿಸಿಕೊಂಡ. ಬಂಟ್ವಾಳ ತಾಲೂಕಿನವನು, ಬೆಂಗಳೂರಿನ ಒಂದು ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿ, ಶಾಲೆಗೆ ಸೇರಿದ ಮಗಳು ಇದ್ದಾರೆ. ಊರಿನಲ್ಲಿ ಒಂಟಿಯಾಗಿದ್ದ ಉಮ್ಮನನ್ನು ಚಿಕಿತ್ಸೆಗಾಗಿ ಕರೆದುಕೊಂಡು ಬರಬೇಕಾದ್ದರಿಂದ ಒಂದು ಕೋಣೆಯ ಮನೆ ಸಾಲದಾಯಿತು. ಮಗಳ ಶಾಲೆ ಜಯನಗರದ ಕಡೆ ಇದ್ದುದರಿಂದ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಎರಡು ಬೆಡ್‌ರೂಮಿನ ಮನೆ ಹುಡುಕಿದ. ಅಡ್ವಾನ್ಸ್‌ಗೆ ಹಣ ಹೊಂದಿಸಿಟ್ಟಿದ್ದ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಮನೆ ಬಿಡುವಾಗ ಪೇಂಟಿಂಗಿಗೆಂದು ಮುರಿದುಕೊಳ್ಳುವ ಇನ್ನೊಂದು ತಿಂಗಳ ಬಾಡಿಗೆ, ಎಲ್ಲದಕ್ಕೂ ಒಪ್ಪಿದ್ದ. ಫೋನಿನಲ್ಲಿ ಮಾತು ಚೆನ್ನಾಗಿಯೇ ಸಾಗುತ್ತಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೋರ್‌ವೆಲ್ ಇದೆ, ಬೈಕ್ ಒಳಗೆ ನಿಲ್ಲಿಸಬಹುದು, ಗೇಟು ರಾತ್ರಿ ಹತ್ತೂವರೆಗೆ ಹಾಕುತ್ತೇವೆ. ಆಮೇಲೆ "ನಿಮ್ಮ ಹೆಸರೇನಂದ್ರಿ?" ಎಂಬ ಪ್ರಶ್ನೆ. ಹೆಸರು ಹೇಳಿದ ಮೇಲೆ ಎರಡು ಸೆಕೆಂಡಿನ ಮೌನ. ಬಳಿಕ ನಮಗೇನೂ ಇಲ್ಲ.

ಯಾರೂ ಅವನನ್ನು ಬೈಯಲಿಲ್ಲ. ಒಬ್ಬರು ಕಾಫಿ ಕೊಟ್ಟೇ ಕಳುಹಿಸಿದರು. ಅವನೇ ಹೇಳಿದಂತೆ, ಮೂರು ವಾರ ಅಲೆದರೂ ಕೋಮುವಾದಿಯೆಂದು ಕರೆಯಬಹುದಾದ ಒಬ್ಬನೇ ಒಬ್ಬ ವ್ಯಕ್ತಿ ಅವನಿಗೆ ಸಿಗಲಿಲ್ಲ. ಮನೆಯೂ ಸಿಗಲಿಲ್ಲ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಹುಟ್ಟುವ ಪ್ರಶ್ನೆಯೇ ಈ ಬರಹದ ವಿಷಯ. ದ್ವೇಷವಿಲ್ಲದ ಮನುಷ್ಯ, ದ್ವೇಷವಿರುವವನ ಪರವಾಗಿ ಬಾಗಿಲು ಮುಚ್ಚಿದರೆ ಆ ಮುಚ್ಚಿದ ಬಾಗಿಲು ಯಾರ ಲೆಕ್ಕಕ್ಕೆ ಹೋಗಬೇಕು?

ಇದು ಮುಸ್ಲಿಮರ ಪ್ರಶ್ನೆ ಮಾತ್ರವಲ್ಲ, ಇವತ್ತಿನದೂ ಅಲ್ಲ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಅವರಿಗೆ ಇರಲು ಮನೆ ಇರಲಿಲ್ಲ. ಹಿಂದೂ ವಸತಿಗೃಹಗಳಲ್ಲಿ ಜಾಗ ಸಿಗುವುದಿಲ್ಲವೆಂದು ಗೊತ್ತಿತ್ತು. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ಬೆಳಗ್ಗೆ ಕಚೇರಿಗೆ ಹೊರಟವರನ್ನು ಹತ್ತು ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡಿದು ಅಡ್ಡಗಟ್ಟಿ, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಬೆದರಿಸಿದರು. ಈ ಘಟನೆಯನ್ನು ಅವರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ತುಣುಕುಗಳಲ್ಲಿ ಬರೆದಿದ್ದಾರೆ. ದೊಣ್ಣೆಗಳ ಭಾಗ ಅನೇಕರಿಗೆ ಗೊತ್ತು. ಅದರ ನಂತರದ ಎರಡು ಭೇಟಿಗಳನ್ನು ನಾವು ಅಷ್ಟಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಅವರು ಮೊದಲು ಒಬ್ಬ ಹಿಂದೂ ಗೆಳೆಯನ ಬಳಿ ಹೋದರು. ಗೆಳೆಯನಿಗೆ ದುಃಖವಾಯಿತು, ಪಾರ್ಸಿಗಳ ಮೇಲೆ ಸಿಟ್ಟೂ ಬಂತು. ಆದರೆ ನೀವು ನನ್ನ ಮನೆಗೆ ಬಂದರೆ ಆಳುಗಳು ಕೆಲಸ ಬಿಟ್ಟು ಹೋಗುತ್ತಾರೆ ಎಂದ. ಬಳಿಕ ಒಬ್ಬ ಕ್ರೈಸ್ತ ಗೆಳೆಯನ ಬಳಿ ಹೋದರು. ನಾಳೆ ಹೆಂಡತಿ ಬರುವವಳಿದ್ದಾಳೆ, ಅವಳನ್ನು ಕೇಳಬೇಕಾಗುತ್ತದೆ ಎಂದ ಅವನು. ಅಂಬೇಡ್ಕರರು ನಾಳೆಯವರೆಗೆ ಕಾಯಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕತ್ತಲಾಗುವವರೆಗೆ ಕುಳಿತಿದ್ದು ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು.

ಆಳುಗಳು, ಹೆಂಡತಿ. ನೂರು ವರ್ಷ ಕಳೆದರೂ 'ಆದರೆ'ಯ ನಂತರ ಬರುವವರ ಪಟ್ಟಿ ಹೆಚ್ಚು ಬದಲಾಗಿಲ್ಲ. ಗಮನಿಸಿದರೆ ಪಟ್ಟಿಯಲ್ಲಿರುವವರೆಲ್ಲ ಎದುರಿಗೆ ಇಲ್ಲದವರು. ಅವರನ್ನು ಕೇಳುವಂತಿಲ್ಲ, ಅವರೊಡನೆ ವಾದಿಸುವಂತಿಲ್ಲ, ಅವರ ಮುಂದೆ ನಿಂತು ತನ್ನ ಮುಖ ತೋರಿಸುವಂತಿಲ್ಲ. ಬರೋಡಾದ ಆ ಹೆಂಡತಿ ನಿಜಕ್ಕೂ ಸಂಪ್ರದಾಯಸ್ಥೆಯಾಗಿದ್ದಳೆಂದು ಅಂಬೇಡ್ಕರರಿಗೆ ಬಳಿಕ ತಿಳಿಯಿತಂತೆ. ಆದ್ದರಿಂದ ಈ ನೆವಗಳೆಲ್ಲ ಕಟ್ಟುಕಥೆಯೆಂದು ನಾನು ಹೇಳುತ್ತಿಲ್ಲ. ಮಡಿಯ ಅತ್ತೆ ನಿಜವಾಗಿಯೂ ಇರಬಹುದು. ನನ್ನ ತಕರಾರು ಬೇರೆ. ಅತ್ತೆಗೆ ಪೂರ್ವಗ್ರಹ ಇದೆ, ಅಳಿಯನಿಗೆ ಅಧಿಕಾರ ಇದೆ. ಅತ್ತೆಯ ಪೂರ್ವಗ್ರಹ ಅವರ ಕೋಣೆಯೊಳಗೆ ಯಾರಿಗೂ ನೋವು ಮಾಡದೆ ಇದ್ದುಬಿಡಬಹುದಿತ್ತು. ಅದಕ್ಕೆ ಕೈಕಾಲು ಕೊಟ್ಟು, ಗೇಟಿನವರೆಗೆ ನಡೆಸಿಕೊಂಡು ಬಂದು, ಬಂದವನನ್ನು ವಾಪಸು ಕಳುಹಿಸುವಂತೆ ಮಾಡಿದ್ದು 'ಏನೂ ಇಲ್ಲದ' ಅಳಿಯ. ಅನ್ಯಾಯಕ್ಕೆ ದ್ವೇಷ ಬೇಕು ಎಂದು ನಾವು ನಂಬಿಕೊಂಡಿದ್ದೇವೆ. ಮನೆ ಬಾಡಿಗೆಯ ವ್ಯವಹಾರವನ್ನು ಸ್ವಲ್ಪ ದಿನ ಹತ್ತಿರದಿಂದ ನೋಡಿದರೆ ಈ ನಂಬಿಕೆ ಉಳಿಯುವುದಿಲ್ಲ. ಅಸೋಸಿಯೇಶನ್ ಮಾಲೀಕನತ್ತ, ಮಾಲೀಕ ನೆರೆಯವನತ್ತ, ನೆರೆಯವನು ಅಸೋಸಿಯೇಶನ್ನಿನತ್ತ ಬೆರಳು ತೋರಿಸುತ್ತ ಒಂದು ಸುತ್ತು ಪೂರ್ತಿಯಾಗುತ್ತದೆ. ಆ ಸುತ್ತಿನ ಎಲ್ಲರೂ ಒಳ್ಳೆಯವರೇ.

ಮಾಲೀಕನ ಕಷ್ಟವನ್ನೂ ಒಪ್ಪಿಕೊಳ್ಳೋಣ. ಬಾಡಿಗೆಯ ಹಣದಲ್ಲಿ ಬದುಕುವ ನಿವೃತ್ತರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ನೆರೆಯವರ ಮಾತು, ಮನೆಯೊಳಗಿನ ಜಗಳ, ಅಸೋಸಿಯೇಶನ್ ಸಭೆಯಲ್ಲಿ ಎದ್ದು ನಿಂತು ಉತ್ತರಿಸುವ ಮುಜುಗರ ಇವೆಲ್ಲ ನಿಜವಾದ ಬೆಲೆಗಳೇ. ಎಲ್ಲರೂ ವೀರರಾಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಆ ಬೆಲೆ ಎಷ್ಟೆಂದು ತಿಳಿಯಲು ಒಮ್ಮೆಯಾದರೂ ಕೇಳಿ ನೋಡಬೇಕು. ನಾನು ಕಂಡಷ್ಟು ಮಟ್ಟಿಗೆ, ಅತ್ತೆಯನ್ನು ಯಾರೂ ಕೇಳಿರುವುದಿಲ್ಲ. ಅಸೋಸಿಯೇಶನ್ನಿನ ನಡಾವಳಿ ಪುಸ್ತಕದಲ್ಲಿ ಅಂಥ ಠರಾವು ಬರೆದಿರುವುದೂ ಅಪರೂಪ. ಅವರು ಒಪ್ಪಲಿಕ್ಕಿಲ್ಲ ಎಂಬ ಊಹೆಯ ಮೇಲೆಯೇ ಒಂದು ಕುಟುಂಬದ ಅರ್ಜಿ ತಿರಸ್ಕೃತವಾಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪಕ್ಕೆ ಉತ್ತರಿಸಲೇಬೇಕು. ಮನೆ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನಿಷ್ಟ, ಇದರಲ್ಲಿ ನೀತಿಯ ಮಾತೇಕೆ ಎಂದು ಕೇಳುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಯಾರ ಜೊತೆ ಬಾಳಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಮನುಷ್ಯನಿಗೆ ಬೇಕು. ನನ್ನ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು, ಅಡುಗೆಮನೆಯನ್ನೂ ಬಚ್ಚಲನ್ನೂ ಹಂಚಿಕೊಳ್ಳುವುದಾದರೆ ನನ್ನ ಇಷ್ಟಾನಿಷ್ಟಗಳಿಗೆ ಖಂಡಿತ ಬೆಲೆಯಿದೆ. ಮೇಲಿನ ಅಂತಸ್ತು, ಬೇರೆ ಮೆಟ್ಟಿಲು, ಬೇರೆ ಮೀಟರು ಎಂದಾದರೆ ಆ ಬೆಲೆ ಸ್ವಲ್ಪ ಇಳಿಯುತ್ತದೆ. ಇನ್ನು ಹಣ ಹೂಡಲೆಂದೇ ಕೊಂಡ, ತಾನು ಒಂದು ರಾತ್ರಿಯೂ ಮಲಗದ, ಮಲಗುವ ಉದ್ದೇಶವೂ ಇಲ್ಲದ ಮೂರನೆಯ ಫ್ಲ್ಯಾಟಿನ ವಿಷಯಕ್ಕೆ ಬಂದರೆ? ಅಲ್ಲಿ 'ನನ್ನ ಜೊತೆ ಬಾಳುವವರು' ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದು ಅಂಗಡಿ. ಟು-ಲೆಟ್ ಬೋರ್ಡು ತೂಗುಹಾಕಿದಾಗ ದಾರಿಯಲ್ಲಿ ಹೋಗುವ ಎಲ್ಲರನ್ನೂ ಕರೆದಂತಾಯಿತು. ಕರೆದ ಮೇಲೆ, ಬಂದವನಿಗೆ ಬಾಡಿಗೆ ಕೊಡುವ ಶಕ್ತಿಯಿದೆಯೇ, ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾನೆಯೇ, ಹಿಂದಿನ ಮಾಲೀಕರು ಅವನ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳುವುದು ವ್ಯಾಪಾರ. ಅವನ ತಂದೆತಾಯಿ ಇಟ್ಟ ಹೆಸರಿನಲ್ಲಿ ಈ ಯಾವ ಪ್ರಶ್ನೆಗೂ ಉತ್ತರವಿಲ್ಲ.

ಅಮೆರಿಕದವರು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರದ ನಂತರ, 1968ರ ಏಪ್ರಿಲ್ 11ರಂದು ಜಾರಿಗೆ ತಂದ ವಸತಿ ಕಾನೂನಿನಲ್ಲಿ ಇಂಥದೇ ಒಂದು ಗೆರೆ ಎಳೆಯಲು ಯತ್ನಿಸಿದ್ದಾರೆ. ಜನಾಂಗ, ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವುದು ಕಾನೂನುಬಾಹಿರ. ಆದರೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ಕಟ್ಟಡದಲ್ಲಿ ಮಾಲೀಕ ಸ್ವತಃ ವಾಸವಾಗಿದ್ದರೆ ಅವನಿಗೆ ಆ ಕಾನೂನಿನಲ್ಲಿ ವಿನಾಯಿತಿ. ಹಾಗೆ ವಿನಾಯಿತಿ ಇದ್ದವನೂ ಇಂಥವರಿಗೆ ಮನೆ ಇಲ್ಲವೆಂದು ಜಾಹೀರಾತು ಕೊಡುವಂತಿಲ್ಲ. ಗೆರೆ ಸರಿಯಾದ ಜಾಗದಲ್ಲಿದೆಯೇ ಎಂದು ವಾದಿಸಬಹುದು. ಗೆರೆಯೊಂದು ಬೇಕು ಎಂದಾದರೂ ಅವರು ಒಪ್ಪಿಕೊಂಡರು.

ನಮ್ಮಲ್ಲಿ ಆ ಗೆರೆ ಮಸುಕಾಗಿದೆ. ಸಂವಿಧಾನದ 15ನೇ ವಿಧಿ ಧರ್ಮ, ಜಾತಿ, ಲಿಂಗಗಳ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಸರಕಾರಕ್ಕೆ ಹೇಳುತ್ತದೆ. ಅದರ ಎರಡನೇ ಉಪವಿಧಿ ಖಾಸಗಿ ಜನರಿಗೂ ಅನ್ವಯಿಸುತ್ತದಾದರೂ ಅದು ಹೆಸರಿಸುವುದು ಅಂಗಡಿ, ಹೋಟೆಲು, ಮನರಂಜನೆಯ ತಾಣ, ಬಾವಿ, ಕೆರೆ, ರಸ್ತೆಗಳನ್ನು. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ರಚನಾ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಅಂಬೇಡ್ಕರರು, ಇಲ್ಲಿ ಅಂಗಡಿಯೆಂಬ ಪದವನ್ನು ವಿಶಾಲಾರ್ಥದಲ್ಲಿ ಬಳಸಲಾಗಿದೆ, ಸೇವೆ ನೀಡಲು ಮುಂದೆ ಬರುವ ಯಾರೂ ಅದರಲ್ಲಿ ಸೇರುತ್ತಾರೆ ಎಂಬರ್ಥದ ವಿವರಣೆ ಕೊಟ್ಟಿದ್ದರು. ಬರೋಡಾದ ಉದ್ಯಾನದಲ್ಲಿ ಕುಳಿತಿದ್ದ ಮನುಷ್ಯ ಕೊಟ್ಟ ವಿವರಣೆ ಎಂಬುದನ್ನು ನೆನೆದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಆದರೆ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಸಂಘವು ತನ್ನ ಸದಸ್ಯತ್ವವನ್ನು ತನ್ನ ಸಮುದಾಯಕ್ಕೆ ಸೀಮಿತಗೊಳಿಸಬಹುದು ಎಂದು ತೀರ್ಪಿತ್ತಿತು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬಾಡಿಗೆ ಎಷ್ಟು, ಮನೆ ಬಿಡಿಸುವುದು ಹೇಗೆ ಎಂಬ ಚಿಂತೆಯಲ್ಲಿ ಮುಳುಗಿದೆ. ಅದೂ ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟೇ ಹುಟ್ಟಿತು. ಆದ್ದರಿಂದ ಸದ್ಯಕ್ಕೆ ಮನೆಯ ಮಾಲೀಕನ ಮುಂದೆ ಕಾನೂನಿನ ಭಯವೇನೂ ಇಲ್ಲ. ಉಳಿದಿರುವುದು ಅವನ ಅಂತಃಸಾಕ್ಷಿಯೊಂದೇ.

ಊಟದ ಪ್ರಶ್ನೆ ಬಂದೇ ಬರುತ್ತದೆ. ಮಾಂಸದ ವಾಸನೆ ತಡೆಯಲಾರದವರು ಇದ್ದಾರೆ, ಅವರ ಅಸಹ್ಯ ನಾಟಕವಲ್ಲ. ಕೆಳಗೆ ವಾಸಿಸುವ ಮಾಲೀಕ ದಯವಿಟ್ಟು ಮಾಂಸ ಬೇಯಿಸಬೇಡಿ ಎಂದರೆ ಅದನ್ನು ಒಂದು ಷರತ್ತಾಗಿ ಪರಿಗಣಿಸಬಹುದು, ಒಪ್ಪದವನು ಬೇರೆ ಮನೆ ನೋಡಿಕೊಳ್ಳಬಹುದು. ಆದರೆ ಷರತ್ತೆಂದರೆ ಎಲ್ಲರಿಗೂ ಒಂದೇ ಆಗಿರಬೇಕಷ್ಟೆ? ಈ ರಾಜ್ಯದ ಬಹುಪಾಲು ಜನ ಮಾಂಸ ತಿನ್ನುವವರು. ಗೌಡರೋ ಶೆಟ್ಟರೋ ಬಂದರೆ "ಮನೇಲಿ ಮಾಡ್ತೀರಾ? ಭಾನುವಾರ ಮಾತ್ರಾನಾ?" ಎಂದು ಮಾತುಕತೆ ನಡೆಯುತ್ತದೆ. ನಮ್ಮ ಹುಡುಗ ಎರಡು ಕಡೆ, ನಾವು ಮನೆಯಲ್ಲಿ ಮಾಂಸ ಮಾಡುವುದೇ ಇಲ್ಲ, ಹೊರಗೆ ತಿನ್ನುತ್ತೇವೆ ಎಂದು ತಾನಾಗಿಯೇ ಹೇಳಿದ. ಎರಡೂ ಕಡೆ ಉತ್ತರ ಬದಲಾಗಲಿಲ್ಲ. ಮಾಂಸದ ಮಾತು ಮಾಂಸದ ಬಗ್ಗೆ ಇರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಇದೇ ಪ್ರಶ್ನೆಯ ಮೂಲಕ ದಲಿತರ ಜಾತಿಯನ್ನು ಪತ್ತೆಹಚ್ಚಿ ಹಿಂದೆ ಕಳುಹಿಸಲಾಗುತ್ತದೆ ಎಂಬುದನ್ನೂ ಮರೆಯಬಾರದು. ದಿಲ್ಲಿ ಮತ್ತು ಸುತ್ತಲಿನ ನಗರಗಳಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2015ರಲ್ಲಿ 'ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟವಾಯಿತು. ಮೇಲ್ಜಾತಿಯ, ದಲಿತ ಮತ್ತು ಮುಸ್ಲಿಮ್ ಹೆಸರಿನವರು ಬಾಡಿಗೆ ಮನೆ ಕೇಳಿದಾಗ ಏನಾಗುತ್ತದೆಂದು ನೋಡಿದ ಅಧ್ಯಯನ ಅದು. ಮೇಲ್ಜಾತಿಯವರಿಗೆ ಸಲೀಸಾಗಿ ತೆರೆದ ಬಾಗಿಲುಗಳು ಉಳಿದಿಬ್ಬರಿಗೆ ಅಷ್ಟು ಸಲೀಸಾಗಿ ತೆರೆಯಲಿಲ್ಲ.

ಆಸ್ತಿಯ ಹಕ್ಕು ಎಲ್ಲಿಯವರೆಗೆ ಎಂಬ ಈ ಪ್ರಶ್ನೆಗೆ ಇಸ್ಲಾಮಿನ ಪರಂಪರೆಯಲ್ಲಿ ಕುತೂಹಲಕರವಾದ ಒಂದು ಚರ್ಚೆ ಇದೆ. ನೆರೆಯವನು ತನ್ನ ಮನೆಯ ತೊಲೆಯನ್ನು ನಿಮ್ಮ ಗೋಡೆಗೆ ಊರಲು ಬಯಸಿದರೆ ತಡೆಯಬೇಡಿ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಗೋಡೆ ನನ್ನದು, ತೊಲೆ ಅವನದು. ಇಮಾಮ್ ಅಹ್ಮದ್ ಬಿನ್ ಹಂಬಲ್ ಇದನ್ನು ಕಡ್ಡಾಯ ಆದೇಶವೆಂದು ತೆಗೆದುಕೊಂಡರು. ಇಮಾಮ್ ಅಬೂ ಹನೀಫಾ ಮತ್ತು ಇಮಾಮ್ ಮಾಲಿಕ್ ಇದು ಪ್ರೋತ್ಸಾಹಿಸಲಾದ ಒಳ್ಳೆಯ ನಡತೆ, ಕಡ್ಡಾಯವಲ್ಲ ಎಂದರು. ಭಿನ್ನಾಭಿಪ್ರಾಯ ಏನೇ ಇರಲಿ, ಗೋಡೆ ನನ್ನದು ಎಂಬಲ್ಲಿಗೆ ಮಾತು ಮುಗಿಯಿತೆಂದು ಅವರಲ್ಲಿ ಯಾರೂ ಭಾವಿಸಲಿಲ್ಲ. ಕುರ್‌ಆನ್ ನೆರೆಯವರ ಬಗ್ಗೆ ಹೇಳುವಾಗ (ಅನ್ನಿಸಾ ಅಧ್ಯಾಯದಲ್ಲಿ) ಸಂಬಂಧಿಕನಾದ ನೆರೆಯವನ ಜೊತೆಗೇ ಅಪರಿಚಿತನಾದ ನೆರೆಯವನನ್ನೂ ಹೆಸರಿಸುತ್ತದೆ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದಾಗ ಮನೆಯವರಲ್ಲಿ ಮೊದಲು ಕೇಳಿದ್ದು, ಯಹೂದಿ ನೆರೆಯವನಿಗೆ ಕಳುಹಿಸಿದಿರಾ ಎಂದು.

ಮಹಡಿ ಮನೆಗಳ ಈ ಕಾಲದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆ. ಮಕ್ಕಾದಿಂದ ಹೊರಟು ಬಂದ ಪ್ರವಾದಿವರ್ಯರು(ಸ) ಮದೀನಾದಲ್ಲಿ ಮೊದಲು ಇಳಿದುಕೊಂಡದ್ದು ಅವರ ಎರಡಂತಸ್ತಿನ ಮನೆಯಲ್ಲಿ. ಬಂದುಹೋಗುವವರಿಗೆ ಅನುಕೂಲವೆಂದು ಕೆಳಗಿನ ಅಂತಸ್ತನ್ನೇ ಆರಿಸಿಕೊಂಡರು. ಮೇಲಿದ್ದ ಅಬೂ ಅಯ್ಯೂಬ್ ದಂಪತಿಗೆ ಇರುಸುಮುರುಸು, ಪ್ರವಾದಿಯ ತಲೆಯ ಮೇಲೆ ನಾವು ನಡೆದಾಡುವುದೇ ಎಂದು ಕೋಣೆಯ ಮೂಲೆಯಲ್ಲಿ ಮುದುಡಿಕೊಂಡು ರಾತ್ರಿ ಕಳೆದರು. ಒಮ್ಮೆ ನೀರಿನ ಮಡಕೆ ಒಡೆಯಿತು. ನೀರು ಕೆಳಗೆ ತೊಟ್ಟಿಕ್ಕೀತು ಎಂಬ ಭಯದಿಂದ, ಹೊದೆಯಲು ಇದ್ದ ಒಂದೇ ಕಂಬಳಿಯನ್ನು ನೆಲಕ್ಕೆ ಹಾಸಿ ನೀರನ್ನೆಲ್ಲ ಹೀರಿಸಿದರು. ಇದನ್ನು ಪ್ರವಾದಿಪ್ರೇಮದ ಕಥೆಯಾಗಿ ನಾವು ಪ್ರವಚನಗಳಲ್ಲಿ ಕೇಳಿದ್ದೇವೆ. ಅದು ಹೌದು. ಜೊತೆಗೆ, ಒಂದೇ ಸೂರಿನಡಿ ಮೇಲೆ ಕೆಳಗೆ ಇರುವವರ ನಡುವೆ ಏಳುವ ನಿತ್ಯದ ತೊಡಕುಗಳ ಕಥೆಯೂ ಹೌದು. ಕಾಲಿನ ಸದ್ದು, ಸೋರುವ ನೀರು, ಬಂದುಹೋಗುವವರ ಗಲಾಟೆ. ಇವತ್ತಿನ ಅಸೋಸಿಯೇಶನ್ ಸಭೆಗಳಲ್ಲಿ ಚರ್ಚೆಯಾಗುವುದೂ ಇವೇ. ನೆರೆತನದಲ್ಲಿ ತೊಡಕು ಇದ್ದೇ ಇರುತ್ತದೆ, ಅದನ್ನು ಒರೆಸುವ ಕಂಬಳಿಯನ್ನು ನಾವು ಇಟ್ಟುಕೊಂಡಿರಬೇಕು.

ಕೆಲವರು ಹೇಳುವುದುಂಟು: ಈ ನಯವಾದ ಸುಳ್ಳಿಗಿಂತ 'ಮುಸ್ಲಿಮರಿಗೆ ಕೊಡುವುದಿಲ್ಲ' ಎಂದು ನೇರವಾಗಿ ಹೇಳುವವನೇ ವಾಸಿ, ಅಲೆದಾಟವಾದರೂ ತಪ್ಪುತ್ತದೆ. ನಮ್ಮ ಹುಡುಗನೂ ಒಂದು ಹಂತದಲ್ಲಿ ಹಾಗೆಯೇ ಹೇಳಿದ. ನನಗೆ ಅಷ್ಟು ಖಚಿತವಿಲ್ಲ. ನೆವ ಹೇಳುವವನಿಗೆ ತಾನು ಮಾಡುತ್ತಿರುವುದು ಸರಿಯಲ್ಲ ಎಂಬ ಅಳುಕು ಇರುತ್ತದೆ. ಅಳುಕು ಇರುವವನ ಜೊತೆ ಮಾತು ಮುಂದುವರಿಸಲು ಒಂದು ಎಳೆಯಾದರೂ ಉಳಿದಿರುತ್ತದೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಗೇಟಿಗೆ ಬೋರ್ಡು ಹಾಕಿದವನು ಆ ಅಳುಕನ್ನು ದಾಟಿದ್ದಾನೆ. ನಾಳೆ ಬೋರ್ಡಿನ ಭಾಷೆ ಇನ್ನಷ್ಟು ನೇರವಾದರೆ ಅದನ್ನು ಪ್ರಾಮಾಣಿಕತೆಯೆಂದು ಕರೆದು ಸಂತೋಷಪಡುವ ಸ್ಥಿತಿಯಲ್ಲಿ ನಾವಿಲ್ಲ.

ಸುಳ್ಳಿನ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಬ್ರೋಕರ್ ಅವನಿಗೆ ಒಂದು ಉಪಾಯ ಹೇಳಿಕೊಟ್ಟ. "ಸರ್, ಸಮೀರ್ ಅಂತ ಅಷ್ಟೇ ಹೇಳಿ. ಅದು ಎಲ್ಲರಲ್ಲೂ ಇರುತ್ತೆ. ಮೇಡಂನ ಮೊದಲ ದಿನ ಕರ್ಕೊಂಡು ಬರಬೇಡಿ." ಹೆಂಡತಿ ತಲೆಗೆ ಬಟ್ಟೆ ಹಾಕುವವಳು. ಇದು ಸರಿಯೇ ತಪ್ಪೇ ಎಂದು ಅವನು ನನ್ನನ್ನು ಕೇಳಿದ. ಬರೋಡಾದಲ್ಲಿ ಪಾರ್ಸಿ ಹೆಸರು ಬರೆಸಿದ ಅಂಬೇಡ್ಕರರನ್ನು ಸುಳ್ಳುಗಾರರೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಸತ್ಯ ಹೇಳಿದರೆ ಬೀದಿ, ಸುಳ್ಳು ಹೇಳಿದರೆ ಸೂರು ಎಂಬ ಸ್ಥಿತಿಗೆ ಒಬ್ಬನನ್ನು ತಳ್ಳಿದವರೇ ಆ ಸುಳ್ಳಿನ ಬಹುಪಾಲನ್ನು ಹೊರಬೇಕು. ಆದರೂ ಅವನಿಗೆ ನಾನು ಹೂಂ ಅನ್ನಲಿಲ್ಲ. ಧರ್ಮಶಾಸ್ತ್ರದ ಕಾರಣಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಆಮೇಲೆ ಬದುಕಬೇಕಲ್ಲ ಎಂಬ ಕಾರಣಕ್ಕೆ. ಮೆಟ್ಟಿಲಲ್ಲಿ ಜೋರಾಗಿ "ಉಮ್ಮಾ" ಎಂದು ಕರೆಯಬೇಡ ಎಂದು ಮಗಳಿಗೆ ಕಲಿಸಬೇಕು. ಊರಿನಿಂದ ಬರುವ ಹಿರಿಯರಿಗೆ ಟೋಪಿ ತೆಗೆದು ಬನ್ನಿ ಎನ್ನಬೇಕು. ಏಳು ವರ್ಷದ ಮಗು ತನ್ನ ತಾಯಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಯೋಚಿಸಿ ಕರೆಯುವಂತಾದರೆ ಆ ಎರಡು ಬೆಡ್‌ರೂಮುಗಳಿಂದ ಏನು ಸಿಕ್ಕಂತಾಯಿತು? ಇದು ನನ್ನ ಅಭಿಪ್ರಾಯ. ಬಾಡಿಗೆ ಕೊಡುವವನು, ಮಳೆಯಲ್ಲಿ ಸಾಮಾನು ಹೊರುವವನು ಅವನು. ಬೇರೆ ತೀರ್ಮಾನಕ್ಕೆ ಬರುವವರನ್ನು ನಾನು ದೂರಲಾರೆ.

ಕೊನೆಗೆ ಅವನು ಬ್ರೋಕರ್ ಮೊದಲ ದಿನವೇ ಹೇಳಿದ್ದ ಜಾಗಕ್ಕೇ ಹೋದ. "ನಿಮ್ಮವರ ಏರಿಯಾದಲ್ಲೇ ನೋಡೋಣ ಸರ್, ನಿಮಗೂ ಅನುಕೂಲ." ಗುರಪ್ಪನಪಾಳ್ಯದಲ್ಲಿ ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಉಮ್ಮನ ಮಂಡಿನೋವಿಗೆ ಮೆಟ್ಟಿಲೇ ದೊಡ್ಡ ಶತ್ರು. ಮಸೀದಿ ಹತ್ತಿರ, ಹಲಾಲ್ ಮಾಂಸ ಹತ್ತಿರ, ನೆರೆಯವರು ಒಳ್ಳೆಯವರು. ಅನುಕೂಲವೇನೋ ಹೌದು. ಆದರೆ ಅನುಕೂಲಕ್ಕಾಗಿ ಆರಿಸಿಕೊಂಡು ಹೋಗುವುದಕ್ಕೂ ಬೇರೆಲ್ಲ ಬಾಗಿಲು ಮುಚ್ಚಿದ ಮೇಲೆ ಹೋಗುವುದಕ್ಕೂ ವ್ಯತ್ಯಾಸವಿದೆ. ಹೋದವರ ಹೆಚ್ಚಳದಿಂದ ಅಲ್ಲಿ ಬಾಡಿಗೆ ಏರುತ್ತದೆ, ಮನೆಗಳು ಒತ್ತೊತ್ತಾಗುತ್ತವೆ. ಆಮೇಲೆ "ಮುಸ್ಲಿಮರು ನೋಡಿ, ತಮ್ಮತಮ್ಮವರೇ ಗುಂಪಾಗಿ ಇರುತ್ತಾರೆ, ಬೆರೆಯುವುದಿಲ್ಲ" ಎಂಬ ಮಾತು ಬರುತ್ತದೆ. 2006ರ ನವೆಂಬರ್‌ನಲ್ಲಿ ಬಂದ ಸಾಚಾರ್ ಸಮಿತಿಯ ವರದಿ, ಮನೆ ಬಾಡಿಗೆಗೆ ಪಡೆಯಲು ಅಥವಾ ಕೊಳ್ಳಲು ಆಗದಿರುವುದನ್ನು ಮುಸ್ಲಿಮರ ದಿನನಿತ್ಯದ ಕಷ್ಟಗಳಲ್ಲಿ ಒಂದೆಂದು ದಾಖಲಿಸಿತ್ತು. ತನಗೆ ಮುಂಬಯಿಯಲ್ಲಿ ಮುಸ್ಲಿಮಳೆಂಬ ಕಾರಣಕ್ಕೆ ಫ್ಲ್ಯಾಟ್ ಕೊಳ್ಳಲಾಗಲಿಲ್ಲ ಎಂದು ಶಬಾನಾ ಆಜ್ಮಿ 2008ರಲ್ಲಿ ಹೇಳಿದಾಗ ದೊಡ್ಡ ಗದ್ದಲವೆದ್ದಿತು. ಹಣ, ಹೆಸರು, ಪ್ರಭಾವ ಎಲ್ಲ ಇರುವವರಿಗೇ ಹೀಗಾದರೆ ಎಂದು ಎಲ್ಲರೂ ಒಂದು ವಾರ ಕೇಳಿದರು.

ಇಷ್ಟು ಬರೆದ ಮೇಲೆ ನಮ್ಮ ಮೊಹಲ್ಲಾಗಳ ಒಳಕ್ಕೂ ಬರಬೇಕು. ಇಲ್ಲಿಯೂ ಟು-ಲೆಟ್ ಬೋರ್ಡುಗಳಿವೆ, ಇಲ್ಲಿಯೂ ಆ ವಾಕ್ಯ ಇದೆ. ಹುಡುಗನ ಕಚೇರಿಯ ಹಿಂದೂ ಸಹೋದ್ಯೋಗಿಯೊಬ್ಬ ಅದೇ ಕಟ್ಟಡದಲ್ಲಿ ಖಾಲಿಯಿದ್ದ ಮನೆ ಕೇಳಿದಾಗ ಮಾಲೀಕರು, "ನಮಗೇನೂ ಇಲ್ಲ, ಆದರೆ ಬಿಲ್ಡಿಂಗಿನಲ್ಲಿ ಎಲ್ಲ ನಮ್ಮವರೇ, ಅವರಿಗೇ ಕಷ್ಟವಾಗಬಹುದು" ಎಂದರಂತೆ. ಅವಿವಾಹಿತ ಹುಡುಗರಿಗೆ ಕೊಡುವುದಿಲ್ಲ, ಈಶಾನ್ಯದವರಿಗೆ ಕೊಡುವುದಿಲ್ಲ. ಬೇರೆ ಪಂಗಡದ ಮುಸ್ಲಿಮನಾದರೆ ಯಾವ ಮಸೀದಿಗೆ ಹೋಗುತ್ತೀರಿ ಎಂದು ಮೊದಲು ವಿಚಾರಿಸುವವರಿದ್ದಾರೆ. ಬೆಂಗಳೂರಿನಲ್ಲಿ ದೊಡ್ಡ ಮೊತ್ತ ಇಟ್ಟು ಬಾಡಿಗೆಯಿಲ್ಲದೆ ಇರುವ 'ಲೀಸ್' ಪದ್ಧತಿ ಇದೆಯಲ್ಲ, ಅದು ಬಡ್ಡಿಯ ವ್ಯಾಪ್ತಿಗೆ ಬರುತ್ತದೆಯೇ ಎಂಬ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಫತ್ವಾಗಳಿವೆ, ಚರ್ಚೆಗಳಿವೆ. ಅಗತ್ಯವಾದ ಚರ್ಚೆಯೇ. ಆದರೆ ಮನೆ ಯಾರಿಗೆ ನಿರಾಕರಿಸಬಹುದು, ಯಾವ ಕಾರಣಕ್ಕೆ ನಿರಾಕರಿಸಬಹುದು ಎಂಬ ಬಗ್ಗೆ ಒಂದು ಜುಮಾ ಪ್ರವಚನವನ್ನು ನಾನು ಈವರೆಗೆ ಕೇಳಿಲ್ಲ.

ಇದನ್ನು ಬರೆಯುವ ಹೊತ್ತಿಗೆ ನಮ್ಮದೇ ಸಮುದಾಯದ ಒಬ್ಬ ಹೆಣ್ಣುಮಗಳು ಎರಡು ತಿಂಗಳಿನಿಂದ ಮನೆ ಹುಡುಕುತ್ತಿದ್ದಾಳೆ. ಖಾಸಗಿ ಶಾಲೆಯ ಶಿಕ್ಷಕಿ, ವಿಚ್ಛೇದಿತೆ. ಮಗ ಆರನೇ ತರಗತಿ. ವಯಸ್ಸಾದ ತಾಯಿ ಜೊತೆಗಿದ್ದಾರೆ, ಅದಕ್ಕಾಗಿ ಎರಡು ಕೋಣೆ ಬೇಕು, ಸಾಧ್ಯವಾದರೆ ನೆಲಮಹಡಿ. ಬಾಡಿಗೆ ಹೊಂದಿಸಬಲ್ಲಳು. ಗಂಡಸಿಲ್ಲದ ಮನೆ ಎಂದು ಅವಳನ್ನು ಹಿಂದೆ ಕಳುಹಿಸಿದವರಲ್ಲಿ ಒಬ್ಬರು ಜಮಾಅತಿನ ಪದಾಧಿಕಾರಿ. ಅವರಿಗೆ ವೈಯಕ್ತಿಕವಾಗಿ ಏನೂ ಇಲ್ಲವಂತೆ, ಓಣಿಯವರು ಏನಾದರೂ ಮಾತಾಡಿಯಾರು ಎಂದಷ್ಟೇ ಚಿಂತೆ. ಅವರ ಮನೆಯ ಗೇಟಿನಲ್ಲಿ ಬೋರ್ಡು ಇನ್ನೂ ಇದೆ, ಎರಡು ಬೆಡ್‌ರೂಮು, ನೆಲಮಹಡಿ, ಇಪ್ಪತ್ತನಾಲ್ಕು ಗಂಟೆ ನೀರು.